ನಾಲ್ಕು ಅಂಗೈಯಷ್ಟು ನೆಲ

ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ "ನಾಲ್ಕಕ್ಕೂ ಮೂವತ್ತೆರಡು ಹಾಕಪ್ಪ" ಎನ್ನುವಾಗ ನಮಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ಲೆಕ್ಕದ ಅರ್ಧ ಹೇಳಿರುತ್ತೇವೆ. ಮೂವತ್ತೆರಡು ಎಂದರೆ ಚದರ ಅಂಗುಲಕ್ಕೆ 32 ಪೌಂಡ್ ಒತ್ತಡ. ಮನೆಮಂದಿ ಹತ್ತಿ ಕೂತ ಒಂದು ಸಣ್ಣ ಕಾರು ಸುಮಾರು 1,200 ಕೆಜಿ ತೂಗುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದು ಚಕ್ರದ ಪಾಲಿಗೆ 300 ಕೆಜಿ, ಅಂದರೆ 660 ಪೌಂಡ್ ಬರುತ್ತದೆ. ಅದನ್ನು 32ರಿಂದ ಭಾಗಿಸಿದರೆ ಸಿಗುವುದು ಇಪ್ಪತ್ತು ಚದರ ಅಂಗುಲ ಚಿಲ್ಲರೆ. ಟೈರು ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ: ಬೆರಳು ಜೋಡಿಸಿಟ್ಟ ಒಂದು ಅಂಗೈ. ನಾಲ್ಕು ಚಕ್ರದ್ದೂ ಸೇರಿಸಿದರೆ ಜೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಯಷ್ಟೂ ಆಗುವುದಿಲ್ಲ.

ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹರಿಹರಕ್ಕೆ ಹೋಗಿಬರುವ ದಾರಿಯೇ ನನಗೆ ಬೇರೆ ಥರ ಕಾಣತೊಡಗಿತು. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಒಳಗೆ ಹಿಂದಿನ ಸೀಟಿನಲ್ಲಿ ಅಮ್ಮ ತೂಕಡಿಸುತ್ತಿರುತ್ತಾಳೆ, ಮಕ್ಕಳು ಮಂಡಕ್ಕಿ ಪೊಟ್ಟಣಕ್ಕೆ ಕಿತ್ತಾಡುತ್ತಿರುತ್ತಾರೆ. ಇಷ್ಟೂ ಸಂಸಾರ ಮುಂದೆ ಹೋಗುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಲ್ಲಿದೆ. ಕಾರಿಗೂ ಭೂಮಿಗೂ ಬೇರೆ ಸಂಬಂಧವೇ ಇಲ್ಲ.

ಈ ಪುಟ್ಟ ಹಿಡಿತವನ್ನು ಕಾಪಾಡಲು ಮನುಷ್ಯ ಎರಡು ಬಗೆಯ ಬುದ್ಧಿ ಖರ್ಚು ಮಾಡಿದ್ದಾನೆ. ಒಂದು, ಕಾರು ಹುಟ್ಟುವಾಗಲೇ ಅದರ ಕಬ್ಬಿಣದೊಳಗೆ ಕೂತುಬಿಡುವ ಬುದ್ಧಿ. ಚಕ್ರಗಳ ನಡುವೆ ಎಷ್ಟು ಅಂತರ, ಭಾರ ಎಷ್ಟು ಕೆಳಗೆ, ಯಾವ ಸ್ಪ್ರಿಂಗು ಎಷ್ಟು ಬಿಗಿ, ಯಾವ ಕಡ್ಡಿ ಎಷ್ಟು ಓರೆ ಎಂಬ ತೀರ್ಮಾನಗಳು ಅವು. ಇನ್ನೊಂದು, ಆಮೇಲೆ ಬಂದು ಸೇರಿದ ಎಲೆಕ್ಟ್ರಾನಿಕ್ ಬುದ್ಧಿ. ಅದು ಸೆನ್ಸಾರುಗಳಿಂದ ನೋಡುತ್ತದೆ, ಚಿಪ್ಪಿನಲ್ಲಿ ಯೋಚಿಸುತ್ತದೆ, ಬ್ರೇಕಿನ ಮೂಲಕ ಕೈ ಹಾಕುತ್ತದೆ. ಈಗಿನ ಕಾಲದಲ್ಲಿ ನಮ್ಮ ಬೆರಗೆಲ್ಲ ಎರಡನೆಯದಕ್ಕೇ ಸಲ್ಲುತ್ತಿದೆ. ದೀಪ ಹೊತ್ತಿಸುತ್ತದೆ, ಪೀಂಪೀಂ ಎನ್ನುತ್ತದೆ, ಪರದೆಯ ಮೇಲೆ ಬರುತ್ತದೆ, ಹಾಗಾಗಿ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ತಾನಿದ್ದೇನೆಂದು ಒಮ್ಮೆಯೂ ಹೇಳಿಕೊಳ್ಳುವುದಿಲ್ಲ.

ಅದನ್ನು ಮಾತಾಡಿಸಬೇಕೆಂದರೆ ಬಡಾವಣೆಯ ಯಾವುದಾದರೂ ಅಡ್ಡರಸ್ತೆಯ ತಿರುವು ಸಾಕು. ನಿಧಾನಕ್ಕೆ ಸ್ಟೇರಿಂಗ್ ತಿರುಗಿಸಿ, ಕಾರು ಹೊಸ ರಸ್ತೆಗೆ ಮುಖ ಮಾಡುತ್ತಿದ್ದಂತೆ ಬಿಗಿಹಿಡಿತ ಸಡಿಲಿಸಿ. ಸ್ಟೇರಿಂಗು ಅಂಗೈಯೊಳಗೆ ಸವರಿಕೊಂಡು ಜಾರುತ್ತಾ ತಾನಾಗಿ ನೇರಕ್ಕೆ ಬರುತ್ತದೆ. ಯಾರು ತಿರುಗಿಸಿದರು? ಮುಂದಿನ ಚಕ್ರ ತಿರುಗುವ ಅಕ್ಷವನ್ನು ನೆಟ್ಟಗೆ ನಿಲ್ಲಿಸದೆ, ಅದರ ಮೇಲ್ತುದಿ ಹಿಂದಕ್ಕೆ ವಾಲುವಂತೆ ಕೆಲವೇ ಡಿಗ್ರಿ ಓರೆ ಮಾಡಿರುತ್ತಾರೆ. ಕ್ಯಾಸ್ಟರ್ ಎಂದು ಮೆಕ್ಯಾನಿಕ್ಕುಗಳು ಕರೆಯುವುದು ಇದನ್ನೇ. ಆ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಮುಟ್ಟುತ್ತದೆ. ಹಾಗಾಗಿ ಟೈರು ಸದಾ ಅದರ ಹಿಂದೆ ಹಿಂದೆಯೇ ಬರುತ್ತದೆ, ಹಿಂದೆ ಬರುವುದು ತಾನೇ ಸಾಲಿಗೆ ಸೇರುತ್ತದೆ. ಕೈಬಿಟ್ಟು ಸೈಕಲ್ ಹೊಡೆಯುವ ಹುಡುಗರ ಧೈರ್ಯದಲ್ಲಿ ಈ ಓರೆಯದೂ ಒಂದು ಪಾಲಿದೆ. ಕರೆಂಟಿಲ್ಲ, ಸೆನ್ಸಾರಿಲ್ಲ. ಕಾರು ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದು ನೇರಕ್ಕೆ ಹೋಗಬಯಸುತ್ತದೆ.

ತಮಾಷೆಯೆಂದರೆ, ಈಗಿನ ಕಾರುಗಳಲ್ಲಿ ಸ್ಟೇರಿಂಗಿಗೆ ಬಲ ಕೊಡುವ ಎಲೆಕ್ಟ್ರಿಕ್ ಮೋಟರು ಇರುತ್ತದೆ. ಆ ಮೋಟರು ಮತ್ತು ಗೇರಿನ ಉಜ್ಜಾಟದಿಂದ ಈ ಸಹಜ ಮರಳಿಕೆ ಮಂಕಾಗುತ್ತದೆ. ಅದಕ್ಕಾಗಿ ಸ್ಟೇರಿಂಗನ್ನು ಮೆಲ್ಲನೆ ನೇರಕ್ಕೆ ತರುವ ಕೆಲಸವನ್ನೂ ಮೋಟರಿಗೇ ಸಾಫ್ಟ್‌ವೇರಿನಲ್ಲಿ ಬರೆದುಕೊಡುತ್ತಾರೆ. ಒಂದು ಓರೆ ಪುಕ್ಕಟೆ ಮಾಡುತ್ತಿದ್ದುದನ್ನು ಲೆಕ್ಕ ಹಾಕಿ ಮಾಡಿಸುವುದು! ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಸಂತೆ ದಿನ ಸಂದಿಯಲ್ಲಿ ಕಾರು ನಿಲ್ಲಿಸಲು ಒಂದು ಬೆರಳಲ್ಲಿ ಸ್ಟೇರಿಂಗ್ ತಿರುಗಿಸುವ ಸುಖ ನನಗೂ ಬೇಕು. ಆದರೆ ಹಳೆಯ ಮಾರುತಿ 800ರ ಹನ್ನೆರಡು ಇಂಚಿನ ಚಕ್ರಗಳು, ನಡುವೆ ಯಾವ ಮೋಟರೂ ಇಲ್ಲದೆ, ರಸ್ತೆಯ ಒಂದೊಂದು ಜಲ್ಲಿಕಲ್ಲಿನ ಸುದ್ದಿಯನ್ನು ಅಂಗೈಗೆ ತಂದು ಕೊಡುತ್ತಿದ್ದವು. ಟೈರು ಎಲ್ಲಿ ಸೋಲುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತಿತ್ತು.

ಹಂಪಿನದು ಇನ್ನೊಂದು ಕತೆ. ದಾವಣಗೆರೆಯಲ್ಲಿ ಓಡಾಡುವವರಿಗೆ ಹಂಪಿಗೆ ಬರವಿಲ್ಲ, ಕೆಲವಕ್ಕೆ ಬಿಳಿ ಪಟ್ಟೆಯೂ ಇಲ್ಲ. ಹಂಪ್ ಬಂದಾಗ ಮೊದಲು ಕಾರಿನ ಮುಂಭಾಗ ಏಳುತ್ತದೆ, ಒಂದು ಕ್ಷಣ ತಡವಾಗಿ ಹಿಂಭಾಗ. ಎರಡೂ ಕಡೆಯ ಸ್ಪ್ರಿಂಗುಗಳು ಒಂದೇ ಲಯದಲ್ಲಿ ಕುಣಿದರೆ ಮುಂದೆ ಇಳಿಯುವಾಗ ಹಿಂದೆ ಏಳುತ್ತಾ ಕಾರು ತೂಗಿಕೊಂಡೇ ಇರುತ್ತದೆ, ಹೊಟ್ಟೆಯಲ್ಲಿದ್ದ ಬೆಣ್ಣೆ ದೋಸೆ ಮಾತಾಡತೊಡಗುತ್ತದೆ. ರೋಲ್ಸ್‌ರಾಯ್ಸ್ ಕಂಪನಿಯಿಂದ ಅಮೆರಿಕದ ಕ್ಯಾಡಿಲ್ಯಾಕ್‌ಗೆ ಹೋದ ಮಾರಿಸ್ ಓಲಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಕಾರಿನ ಮೇಲೆ ತೂಕದ ಕಲ್ಲುಗಳನ್ನು ಆಚೀಚೆ ಸರಿಸುತ್ತಾ ಇದಕ್ಕೊಂದು ಉಪಾಯ ಕಂಡ. ಹಿಂದಿನ ಸ್ಪ್ರಿಂಗುಗಳನ್ನು ಮುಂದಿನವಕ್ಕಿಂತ ಕೊಂಚ ಚುರುಕಾಗಿ ಕುಣಿಯುವಂತೆ ಮಾಡಿದರೆ, ತಡವಾಗಿ ಹೊರಟ ಹಿಂಭಾಗ ಓಡಿಬಂದು ಮುಂಭಾಗವನ್ನು ಸೇರಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಏರಿ, ಒಟ್ಟಿಗೆ ಇಳಿದು, ಕಾರು ಸಮತಟ್ಟಾಗುತ್ತದೆ. ಹಂಪ್ ದಾಟಿದ ಮೇಲೂ ಅಮ್ಮನ ತೂಕಡಿಕೆ ಕೆಡಲಿಲ್ಲವೆಂದರೆ ಅದರ ಹಿಂದೆ ತೊಂಬತ್ತು ವರ್ಷ ಹಳೆಯ ಈ ಜಾಣ್ಮೆ ಇರಬಹುದು.

ಮೂರನೆಯದು ಎತ್ತರದ ಲೆಕ್ಕ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಭಾರದ ಕೇಂದ್ರ ಇರುವ ಎತ್ತರದಿಂದ ಭಾಗಿಸಬೇಕು. ಅಂತರ ಒಂದೂವರೆ ಮೀಟರ್, ಎತ್ತರ ಅರ್ಧ ಮೀಟರ್ ಇದ್ದರೆ ಉತ್ತರ 1.5. ಒಣ ಡಾಂಬರಿನ ಮೇಲೆ ಸಾಧಾರಣ ಟೈರಿನ ಹಿಡಿತ 0.8, 0.9ರ ಆಸುಪಾಸು. ಹಿಡಿತ ಈ ಉತ್ತರಕ್ಕಿಂತ ಸಾಕಷ್ಟು ಕಡಿಮೆ ಇರುವ ಕಾರು ಉರುಳುವ ಮೊದಲೇ ಜಾರುತ್ತದೆ. ಜಾರಿದ ಕಾರನ್ನು ಹೇಗೋ ತಹಬಂದಿಗೆ ತರಬಹುದು. ಅಮಾವಾಸ್ಯೆಗೆ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಹೊರಟ ಎತ್ತರದ ಗಾಡಿಯೊಳಗೆ ಹನ್ನೊಂದು ಜನ, ಟಾಪಿನ ಮೇಲೆ ಪಾತ್ರೆ, ಅಕ್ಕಿಮೂಟೆ, ಜಮಖಾನ ಏರಿದಾಗ ಭಾರದ ಕೇಂದ್ರ ಮುಕ್ಕಾಲು ಮೀಟರಿಗೆ ಹೋಯಿತೆನ್ನಿ. ಉತ್ತರ 1ಕ್ಕೆ ಇಳಿಯುತ್ತದೆ. ಜಾರುವುದಕ್ಕೂ ಉರುಳುವುದಕ್ಕೂ ನಡುವೆ ಉಳಿಯುವುದು ಕೂದಲೆಳೆಯ ಅಂತರ. ಮೇಲಿನ ಮೂಟೆಯನ್ನು ಕೆಳಗಿಳಿಸುವ ಸಾಫ್ಟ್‌ವೇರ್ ಯಾರೂ ಬರೆದಿಲ್ಲ.

ಹಾಗೆಂದು ಎಲೆಕ್ಟ್ರಾನಿಕ್ ಬುದ್ಧಿಯ ಮುಂದೆ ನನ್ನ ಬೆರಗೇನೂ ಕಡಿಮೆಯದಲ್ಲ. ನಮ್ಮ ಅಪ್ಪಂದಿರು ಮೈಕೋ ಎಂದು ಕರೆಯುತ್ತಿದ್ದ, ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟ ಕಂಪನಿಯ ಜರ್ಮನ್ ಮೂಲಮನೆ ಬಾಷ್. ಅದು 1978ರಲ್ಲಿ ಮರ್ಸಿಡಿಸ್ ಕಾರಿಗೆ ಎಬಿಎಸ್ ಅಳವಡಿಸಿತು. ಬ್ರೇಕ್ ಬಿಗಿಯಾಗಿ ಹಿಡಿದು ಚಕ್ರ ತಿರುಗುವುದೇ ನಿಂತರೆ ಟೈರು ಬರೇ ಉಜ್ಜಿಕೊಂಡು ಹೋಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗದು. ಎಬಿಎಸ್ ಒಂದೊಂದು ಚಕ್ರದ ವೇಗವನ್ನು ಓದಿ, ನಿಲ್ಲಲಿದೆ ಎನ್ನುವಷ್ಟರಲ್ಲಿ ಬ್ರೇಕ್ ಬಿಟ್ಟು ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ಆಗ ಕಾಲಡಿಯ ಪೆಡಲು ಗರಗರ ನಡುಗುತ್ತದೆ. ಗಾಬರಿಬಿದ್ದು ಕಾಲು ತೆಗೆಯುವವರೇ ಹೆಚ್ಚು, ಒತ್ತಿ ಹಿಡಿಯಬೇಕಾದ್ದು ಆಗಲೇ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಇದು ಕಡ್ಡಾಯ.

1995ರಲ್ಲಿ ಅದೇ ಜೋಡಿ ಇಎಸ್‌ಪಿ ತಂದಿತು. ಇದು ಇನ್ನೂ ಸೋಜಿಗದ್ದು. ಸ್ಟೇರಿಂಗಿನ ಕೋನ ನೋಡಿ, ಚಾಲಕನಿಗೆ ಎಲ್ಲಿಗೆ ಹೋಗಬೇಕಿದೆ ಎಂದು ತಿಳಿಯುತ್ತದೆ. ಕಾರಿನ ಮೈ ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು ಇನ್ನೊಂದು ಸೆನ್ಸಾರ್ ಹೇಳುತ್ತದೆ. ಬಯಕೆಗೂ ವಾಸ್ತವಕ್ಕೂ ತಾಳೆಯಾಗುತ್ತಿದೆಯೇ ಎಂದು ಸೆಕೆಂಡಿಗೆ 25 ಸಲ ನೋಡುತ್ತದೆ. ಮೂತಿ ತಿರುವಿನಿಂದ ಹೊರಕ್ಕೆ ಜಾರುತ್ತಿದ್ದರೆ ಒಳಬದಿಯ ಹಿಂದಿನ ಚಕ್ರವನ್ನು ಮಾತ್ರ ಹಿಡಿಯುತ್ತದೆ, ಬಾಲ ಬೀಸುತ್ತಿದ್ದರೆ ಹೊರಬದಿಯ ಮುಂದಿನದನ್ನು. ಎಂಥ ಪಳಗಿದ ಡ್ರೈವರಿಗೂ ಇದು ಆಗದ ಮಾತು. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವ ಪೆಡಲೇ ಕಾರಿನಲ್ಲಿಲ್ಲ. ಮನುಷ್ಯನಿಗಿಲ್ಲದ ಕೈಯನ್ನು ಅದು ಮನುಷ್ಯನಿಗಾಗಿ ಆಡಿಸುತ್ತದೆ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಪಡೆಯಲು ಈ ವ್ಯವಸ್ಥೆ ಇರಲೇಬೇಕೆಂದು ಇಟ್ಟಿರುವುದು ಸರಿಯಾಗಿಯೇ ಇದೆ.

ಈ ಎರಡೂ ಬುದ್ಧಿಗಳು ಲೋಕದ ಕಣ್ಣೆದುರು ಮುಖಾಮುಖಿಯಾದದ್ದು 1997ರ ಅಕ್ಟೋಬರ್‌ನಲ್ಲಿ, ಸ್ವೀಡನ್ನಿನಲ್ಲಿ. ಅಲ್ಲಿಯ ಕಾಡುರಸ್ತೆಗೆ ಮೂಸ್ ಎಂಬ ಭಾರಿ ಕಡವೆ ದಿಢೀರನೆ ಅಡ್ಡ ಬರುತ್ತದೆ. ತಪ್ಪಿಸಲು ಒಮ್ಮೆ ಪಕ್ಕಕ್ಕೆ ಎಳೆದು, ಎದುರು ವಾಹನ ಬರುವುದರೊಳಗೆ ಮತ್ತೆ ಸಾಲಿಗೆ ಬರಬೇಕು. 'ಟೆಕ್ನಿಕೆನ್ಸ್ ವಾರ್ಲ್ಡ್' ಎಂಬ ವಾಹನ ಪತ್ರಿಕೆ ಮರ್ಸಿಡಿಸ್‌ನ ಹೊಚ್ಚಹೊಸ ಎ-ಕ್ಲಾಸ್ ಕಾರನ್ನು ಹೀಗೆ ಓಡಿಸಿ ನೋಡಿದಾಗ ಅದು ಮಗುಚಿಬಿತ್ತು. ಕಾರು ಮೋಟು, ಎತ್ತರ ಜಾಸ್ತಿ. ಕಂಪನಿಗೆ ಜಗತ್ತಿನ ಮುಂದೆ ತಲೆತಗ್ಗಿಸುವಂತಾಯಿತು. ಜನ ಆಡಿಕೊಂಡಿದ್ದು ಇನ್ನೂ ಕಟುವಾಗಿತ್ತು: ಪೂರ್ವ ಜರ್ಮನಿಯವರು ನಗುತ್ತಲೇ ಓಡಿಸುತ್ತಿದ್ದ ಬಡಕಲು ಟ್ರಾಬಾಂಟ್ ಅದೇ ಪರೀಕ್ಷೆಯನ್ನು ದಾಟಿಬಿಟ್ಟಿತ್ತು.

ಮುಂದೆ ಆದದ್ದನ್ನು ಅರ್ಧಕ್ಕೇ ನಿಲ್ಲಿಸಿ ಹೇಳುವವರು ಬಹಳ. ಕಂಪನಿ ಮಾರಾಟ ನಿಲ್ಲಿಸಿತು, ಇಎಸ್‌ಪಿ ಹಾಕಿತು, 1998ರ ಆರಂಭದಲ್ಲಿ ಮತ್ತೆ ಮಾರತೊಡಗಿತು, ಎಲೆಕ್ಟ್ರಾನಿಕ್ಸ್ ಗೆದ್ದಿತು ಎನ್ನುತ್ತಾರೆ. ಇಎಸ್‌ಪಿ ಹಾಕಿದ್ದು ನಿಜ, ದುಬಾರಿ ಕಾರುಗಳ ಸೊತ್ತಾಗಿದ್ದ ಅದು ಆ ಸಣ್ಣ ಕಾರಿನ ದೆಸೆಯಿಂದ ಸಾಮಾನ್ಯರ ಕಾರಿಗೂ ಇಳಿಯತೊಡಗಿದ್ದೂ ನಿಜ. ಆದರೆ ಎಂಜಿನಿಯರುಗಳು ಕಾರಿನ ಸಸ್ಪೆನ್ಷನ್ನನ್ನೂ ಬಿಚ್ಚಿದರು, ಬಿಗಿ ಮಾಡಿದರು, ಟೈರ್ ಬದಲಿಸಿದರು. ಚಿಪ್ಪು ಬರೆಯುವ ಕೈಗಳ ಜೊತೆಗೆ ಸ್ಪ್ಯಾನರ್ ಹಿಡಿದ ಕೈಗಳಿಗೂ ಕೆಲಸ ಬಿತ್ತು. ಬರೇ ಚಿಪ್ಪಿನಿಂದ ಮುಗಿಯುವ ಕೆಲಸವಾಗಿದ್ದರೆ ಯಾರೂ ಕಾರಿನ ಕೆಳಗೆ ತೂರುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮವರು ಮನುಷ್ಯರ ವಿಷಯಕ್ಕೆ ಹೇಳಿದ್ದು ಯಂತ್ರಕ್ಕೂ ಅಷ್ಟೇ ಒಪ್ಪುತ್ತದೆ.

ಇದನ್ನೇ ನಮ್ಮೂರಿನ ಟೈರ್ ಅಂಗಡಿಯ ಹುಡುಗನೊಬ್ಬ ಒಂದು ಮಾತಿನಲ್ಲಿ ಮುಗಿಸಿದ. ನನ್ನ ಮುಂದಿನ ಸರದಿ ಒಂದು ಎತ್ತರದ ಹೊಸ ಗಾಡಿಯದು; ಬಂಪರಿನ ಹಿಂದೆ ರೇಡಾರ್, ಗಾಜಿನ ಮೇಲೆ ಕ್ಯಾಮೆರಾ. ಜಾಕ್ ಎತ್ತಿ ಚಕ್ರ ಬಿಚ್ಚಿ, ಟೈರಿನ ಒಳಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಹೊರಗಡೆ ಗೆರೆಗಳು ಎದ್ದು ಕಾಣುತ್ತಿದ್ದವು, ಒಳಗಡೆ ಬೋಳು. ತಂತಿ ಕಾಣಲು ಇನ್ನು ಸ್ವಲ್ಪವೇ ಬಾಕಿ. "ನೋಡ್ರಿ ಸರ್, ಒಳಗ ಹೆಂಗ ತಿಂದೈತಿ. ಅಲೈನ್‌ಮೆಂಟ್ ಪೂರ್ತಿ ಔಟ್ ಆಗೇತಿ" ಎಂದ ಯಜಮಾನರಿಗೆ. ಅವರು ನಂಬಲಿಲ್ಲ, ಏನಾದರೂ ಆಗಿದ್ದರೆ ಗಾಡಿಯೇ ತೋರಿಸುತ್ತಿತ್ತು, ಅದರಲ್ಲಿ ಎಲ್ಲದಕ್ಕೂ ಸೆನ್ಸಾರ್ ಇದೆ ಎಂದರು. ಹುಡುಗ ಟೈರನ್ನು ಅವರತ್ತ ಉರುಳಿಸಿ, "ಸೆನ್ಸಾರ್ ಎಷ್ಟಿದ್ರೇನ್ರಿ ಸರ್, ಕಾಲು ಸೊಟ್ಟ ಇದ್ರ ನಡಿಗಿ ಸೊಟ್ಟನಾ" ಎಂದು ಪಾನಾ ಹುಡುಕಲು ಒಳಗೆ ಹೋದ. ಚಕ್ರ ಒಂದೆರಡು ಮಿಲಿಮೀಟರ್ ಓರೆಯಾಗಿದ್ದರೂ ಆ ಅಂಗೈಯಷ್ಟು ಜಾಗ ಕಿಲೋಮೀಟರುಗಟ್ಟಲೆ ಉಜ್ಜಿಕೊಂಡೇ ಸಾಗುತ್ತದೆ. ತುರ್ತಿಗೆ ಇಎಸ್‌ಪಿ ಆ ಚಕ್ರವನ್ನೇ ಹಿಡಿದರೆ ಅದಕ್ಕೆ ಸಿಗುವುದು ಆ ಬೋಳು ಅಂಚೇ.

ಹಿಡಿತವನ್ನು ಎಲೆಕ್ಟ್ರಾನಿಕ್ಸ್ ಹಂಚಬಲ್ಲದು, ಹುಟ್ಟಿಸಲಾರದು. ಇದು ನಮ್ಮ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಪಾಠದಷ್ಟು ಸ್ಪಷ್ಟವಾಗುತ್ತದೆ. ಮೆಕ್ಕೆಜೋಳದ ಕಟಾವು ಮುಗಿದರೆ ದಾವಣಗೆರೆ ಸುತ್ತಿನ ಸರ್ವಿಸ್ ರಸ್ತೆಗಳು, ಹಳ್ಳಿಯ ಡಾಂಬರು ದಾರಿಗಳು ಕಣವಾಗಿಬಿಡುತ್ತವೆ. ಅರ್ಧ ರಸ್ತೆಗೆ ಹಳದಿ ಕಾಳು ಹರವಿ, ಅಂಚಿಗೆ ಕಲ್ಲು ಜೋಡಿಸಿಟ್ಟಿರುತ್ತಾರೆ. ಬೇರೆ ಕಡೆ ಹುರುಳಿ, ರಾಗಿಯ ಹೊಟ್ಟು. ಆ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಟೈರಿಗೂ ಡಾಂಬರಿಗೂ ನಡುವೆ ಕಾಳು ಉರುಳುತ್ತದೆ. ಬ್ರೇಕ್ ದೂರ ಎಂಬುದು ಹಿಡಿತದ ಲೆಕ್ಕ: 80ರ ವೇಗದಲ್ಲಿ ಹಿಡಿತ 0.8 ಇದ್ದರೆ ನಿಲ್ಲಲು ಸುಮಾರು 31 ಮೀಟರ್, ಅರ್ಧಕ್ಕಿಳಿದರೆ 63. ಸಡಿಲ ಹಾಸಿನ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಕೆಲವೊಮ್ಮೆ ಇನ್ನೂ ಹೆಚ್ಚು ದೂರ ಬೇಡುತ್ತದೆ, ಏಕೆಂದರೆ ನಿಂತ ಚಕ್ರ ಮುಂದೆ ರಾಶಿ ಒಟ್ಟಿ ತಡೆಯಾಗುತ್ತಿತ್ತು, ತಿರುಗುವ ಚಕ್ರ ಆ ರಾಶಿಯನ್ನು ಹತ್ತಿ ಮುಂದುವರಿಯುತ್ತದೆ. ಸ್ಟೇರಿಂಗ್ ಮಾತ್ರ ಕೈಯಲ್ಲಿ ಉಳಿಯುತ್ತದೆ, ಅದೇನೂ ಸಣ್ಣದಲ್ಲ.

ಅದೇ ಜಾಗದಲ್ಲಿ ರಸ್ತೆಯ ಬಿಳಿಗೆರೆ ನೋಡಿ ಕಾರನ್ನು ಸಾಲಿನಲ್ಲಿಡುವ ಕ್ಯಾಮೆರಾ ತಬ್ಬಿಬ್ಬಾಗುತ್ತದೆ. ಗೆರೆಯೇ ಜೋಳದಡಿ ಹೋಗಿದೆ. ಕಾಳಿಗೆ ದಾರಿ ಬಿಟ್ಟು ಬಲಕ್ಕೆ ಸರಿಯುವ ಚಾಲಕನನ್ನು ಅದು ಎಡಕ್ಕೆ ಎಳೆಯಲು ನೋಡಿದರೂ ನೋಡಬಹುದು. ಆದರೆ ಅದೇ ದಿನ ರಾತ್ರಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಕಬ್ಬು ಹೇರಿಕೊಂಡು ತೆವಳುವ ಟ್ರ್ಯಾಕ್ಟರ್ ಟ್ರೇಲರನ್ನು ಎದುರು ಲಾರಿಯ ಹೈಬೀಮಿಗೆ ಕುರುಡಾದ ನಮ್ಮ ಕಣ್ಣಿಗಿಂತ ಮೊದಲು ರೇಡಾರ್ ಕಂಡು ಎಚ್ಚರಿಸಬಹುದು. ಕತ್ತಲು ಅದಕ್ಕೆ ಲೆಕ್ಕಕ್ಕಿಲ್ಲ. ಆ ಒಂದು ಎಚ್ಚರಿಕೆಗಾಗಿ ಎಷ್ಟು ಮನೆಗಳು ಕೈಮುಗಿಯಬಹುದೋ! ಆಮೇಲೆ ಹಾಕಿದ ಬ್ರೇಕು ಹಿಡಿಯಬೇಕಾದ್ದು ಮಾತ್ರ ಮತ್ತೆ ಅದೇ ಟೈರಿನಿಂದ.

ಹರಿಹರದ ಹಳಬರಿಗೆ ಈ ಮಾತು ಹೊಸದೆನಿಸದು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗಿದವು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಕೆಲವು ಲೇತುಗಳು ಇಂದಿಗೂ ದುಡಿಯುತ್ತಿವೆ. ಲೇತಿನ ಜೀವ ಅದರ ಬೆಡ್ಡಿನಲ್ಲಿ, ಅಂದರೆ ಅಡಿಪೀಠದಲ್ಲಿದೆ. ಬೀಡುಕಬ್ಬಿಣದೊಳಗೆ ಹರಡಿದ ಗ್ರಾಫೈಟಿನ ಪದರುಗಳು ಕಂಪನವನ್ನು ನುಂಗಿಕೊಳ್ಳುತ್ತವೆ. ಲೇತು ಕಟ್ಟುವವರ ಹಳೆಯ ಪದ್ಧತಿಯಲ್ಲಿ ಎರಕ ಹೊಯ್ದ ಬೆಡ್ಡನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಅದರ ಒಳಬಿಗಿತವೆಲ್ಲ ಇಳಿದ ಮೇಲೆ ಕೈಯಿಂದ ಕೆರೆದು ಮಟ್ಟ ಮಾಡುತ್ತಿದ್ದರು. ಆಮೇಲೆ ಸಿಎನ್‌ಸಿ ಬಂತು, ಉಳಿಯ ಜಾಗವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಕಂಪ್ಯೂಟರ್ ಬಂತು. ಬೆಡ್ ಬಳುಕಿದರೆ ಆ ಕಂಪ್ಯೂಟರಿನ ಜಾಣತನ ನೀರಿನಲ್ಲಿ ಹೋಮ ಮಾಡಿದಂತೆ. ಕೆಲಸದ ಮೈಮೇಲೆ ಗೀರು ಬಿದ್ದೇ ಬೀಳುತ್ತದೆ. ಕಿರ್ಲೋಸ್ಕರ್ ಹೆಸರು 1997ರಲ್ಲಿ ಟೊಯೊಟಾ ಜೊತೆ ಸೇರಿ ಬಿಡದಿಗೆ ಹೋಯಿತು, ಕಾರು ಕಟ್ಟತೊಡಗಿತು. ಲೇತಿನಿಂದ ಕಾರಿಗೆ ಬಂದರೂ ನಿಯಮ ಬದಲಾಗಲಿಲ್ಲ. ಕೆಳಗಿನದು ಗಟ್ಟಿಯಿದ್ದರೆ ಮೇಲಿನ ಬುದ್ಧಿಗೆ ಕೆಲಸ ಹಗುರ.

ನನ್ನ ಬೆರಗು ಕೊನೆಗೆ ಹೋಗಿ ನಿಲ್ಲುವುದು ಇಲ್ಲಿ. ಎಲೆಕ್ಟ್ರಾನಿಕ್ ಬುದ್ಧಿ ತಪ್ಪು ನಡೆಯತೊಡಗಿದ ಮೇಲೆ ಎಚ್ಚರಗೊಳ್ಳುತ್ತದೆ, ಅದೂ ಎಷ್ಟು ಬೇಗ! ಕಬ್ಬಿಣದೊಳಗಿನ ಬುದ್ಧಿಗೆ ಎಚ್ಚರಗೊಳ್ಳುವ ಅಗತ್ಯವೇ ಇಲ್ಲ. ಅದು ಆ ತಪ್ಪಿಗೆ ಎಡೆಯನ್ನೇ ಕಡಿಮೆ ಮಾಡಿ ಸುಮ್ಮನಿರುತ್ತದೆ. ಎಂದೋ ಎಲ್ಲೋ ಒಬ್ಬ ಎಂಜಿನಿಯರ್ ಒಂದು ಕಡ್ಡಿಯನ್ನು ನಾಲ್ಕು ಡಿಗ್ರಿ ಓರೆ ಮಾಡಿ ಮನೆಗೆ ಹೋದ. ಆ ಓರೆ ಇವತ್ತೂ ಸರ್ವಿಸ್ ಸೆಂಟರಿನ ಅಪ್‌ಡೇಟ್ ಕೇಳದೆ ಕೆಲಸ ಮಾಡುತ್ತಿದೆ. ಅವನ ಹೆಸರು ಓಡಿಸುವವನಿಗೆ ತಿಳಿಯುವುದಿಲ್ಲ, ಅಂಥದೊಂದು ತೀರ್ಮಾನ ನಡೆದಿತ್ತೆಂಬುದೂ ತಿಳಿಯುವುದಿಲ್ಲ. ತನ್ನನ್ನು ತೋರಿಸಿಕೊಳ್ಳದೆ ಕಾಯುವ ಇಂಥ ಜಾಣತನಕ್ಕೆ ಬೆರಗಾಗಲು ಸ್ವಲ್ಪ ಕಲಿಕೆ ಬೇಕಾಗುತ್ತದೆ.

ಶೋರೂಮಿನಲ್ಲಿ ಕೈಗೆ ಕೊಡುವ ಪಟ್ಟಿ ಆ ಕಲಿಕೆಗೆ ನೆರವಾಗುವುದಿಲ್ಲ. ಏರ್‌ಬ್ಯಾಗ್ ಎಷ್ಟು, ಕ್ಯಾಮೆರಾ ಎಷ್ಟು, ಪರದೆ ಎಷ್ಟು ಇಂಚು ಎಲ್ಲ ಅದರಲ್ಲಿರುತ್ತದೆ; ಭಾರದ ಕೇಂದ್ರದ ಎತ್ತರ ಎಷ್ಟು ಎಂಬ ಸಾಲು ಕಾಣಸಿಗದು. ಕೇಳಿದರೆ ಸೇಲ್ಸ್ ಹುಡುಗ ಪಾಪ ಮುಖ ಮುಖ ನೋಡುತ್ತಾನೆ. ಇಎಸ್‌ಪಿ ಕೆಲಸ ಮಾಡಿದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಕಾರು ಜಾರುವ ಚಿತ್ರದ ಒಂದು ಹಳದಿ ದೀಪ ಮಿನುಗುತ್ತದೆ. ಅದು ಮಿನುಗಿದರೆ ಗಾಡಿ ನಮ್ಮನ್ನು ಉಳಿಸಿತೆಂದು ಹಿಗ್ಗುವವರಿದ್ದಾರೆ. ಇವರು ಅಲ್ಲಿಗೆ ಆ ವೇಗದಲ್ಲಿ ಏಕೆ ಹೋದರು ಎಂದೂ ಆ ದೀಪ ಕೇಳುತ್ತಿರುತ್ತದೆ. ಹಿಡಿತದ ಕಾರು, ಹದವರಿತ ಚಾಲಕ ಜೊತೆಯಾದರೆ ವರ್ಷಗಟ್ಟಲೆ ಆ ದೀಪಕ್ಕೆ ಕೆಲಸವಿರುವುದಿಲ್ಲ. ಕೆಲಸವಿಲ್ಲದೆಯೂ ಅದು ಇರಬೇಕು.

ಎರಡರಲ್ಲಿ ಒಂದು ಸಾಕೇ ಎಂದರೆ ಸಾಲದು ಎನ್ನುತ್ತೇನೆ. ಯಾವುದು ಮೊದಲು ಎಂದರೆ ತಡವರಿಸುವುದಿಲ್ಲ. ಹೊಸ ಕಾರು ನೋಡಲು ಹೋದವರು ಪರದೆ ಮುಟ್ಟುವ ಮೊದಲು ಒಂದು ಹಂಪ್ ಹತ್ತಿಳಿಸಲಿ, ಒಂದು ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ಮರಳುತ್ತದೆಯೇ ನೋಡಲಿ, ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರನ್ನು ಕೂರಿಸಿ ಅವರನ್ನೂ ಕೇಳಲಿ. ಆಮೇಲೆ ಸೆನ್ಸಾರುಗಳ ಪಟ್ಟಿ ಓದಿ, ಕೈಗೆಟುಕುವಷ್ಟನ್ನೂ ಕೊಳ್ಳಲಿ.